ಗೋಲಿನ ಮುಂದೆ ಮೂವರು

ರಾಯಚೂರಿನಿಂದ ಆ ಕಾಗದ ಬಂದದ್ದು ಶನಿವಾರ. ಮುಂದಿನ ಶುಕ್ರವಾರ ಹೈದರಾಬಾದಿನ ಕಪ್ತಾನ ಸಾಹೇಬರೊಬ್ಬರು ಬರುತ್ತಾರೆ, ರಿಯಾಸತ್ತಿನ, ಅಂದರೆ ಇಡೀ ಸಂಸ್ಥಾನದ, ಹಾಕಿ ತಂಡಕ್ಕೆ ಜಿಲ್ಲೆಯಿಂದ ಇಬ್ಬರನ್ನು ಆರಿಸುತ್ತಾರೆ, ನಿಮ್ಮ ದೇವದುರ್ಗದ ಹುಸೇನಪೀರನನ್ನು ತಪ್ಪದೆ ಕರೆದುಕೊಂಡು ಬನ್ನಿ ಎಂದು ಉರ್ದುವಿನಲ್ಲಿ ನಾಲ್ಕು ಸಾಲು. ಶೇಷಗಿರಿ ಮಾಸ್ತರರು ಅದನ್ನು ಶಾಲೆಯ ಕಟ್ಟೆಯ ಮೇಲೆ ನಿಂತು ಓದಿದರು. ಮಡಚಿ ಕೋಟಿನ ಜೇಬಿಗೆ ಹಾಕಿದರು. ಮತ್ತೆ ತೆಗೆದು ಓದಿದರು. ಸಂತೋಷವಾಗಬೇಕಿತ್ತು. ಆಗಲಿಲ್ಲ.

ಹುಸೇನಪೀರ ಪಿಂಜಾರರವನು. ಓಣಿ ಓಣಿ ತಿರುಗಿ ಗಾದಿ ತಲೆದಿಂಬುಗಳ ಹತ್ತಿ ಹಿಂಜಿಕೊಡುವುದು ಅವನ ಕಸುಬು. ಆಳೆತ್ತರದ ಬಿಲ್ಲಿನ ನರವನ್ನು ಮರದ ಗುಂಡಿನಿಂದ ದಿನವಿಡೀ ಮೀಟಿ ಮೀಟಿ ಅವನ ಬಲ ಮಣಿಕಟ್ಟು ಮಂದಿಯ ಮಣಿಕಟ್ಟಿನಂತೆ ಉಳಿದಿರಲಿಲ್ಲ. ಬೇರೆಯವರು ಕೋಲನ್ನು ಹೆಗಲಿನವರೆಗೆ ಎತ್ತಿ ಹೊಡೆಯುವ ಹೊಡೆತವನ್ನು ಅವನು ಗೇಣು ಜಾಗದಲ್ಲಿ ನಿಂತು, ಬರೀ ಮಣಿಕಟ್ಟು ತಿರುವಿ ಹೊಡೆಯುತ್ತಿದ್ದ. ಗೋಲು ಕಾಯುವವನು ಬಗ್ಗುವುದರೊಳಗೆ ಚೆಂಡು ಹಿಂದಿನ ಬಲೆಯಲ್ಲಿರುತ್ತಿತ್ತು. ಮಾನ್ವಿ, ಕಲ್ಲೂರು, ಕುರ್ಡಿ, ಮಲ್ಲಟ, ಎಲ್ಲಿ ಪಂದ್ಯವಾದರೂ ಅವನನ್ನು ನೋಡಲೆಂದೇ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಒಂಬತ್ತು ವರ್ಷದಲ್ಲಿ ಅವನು ಹೊಡೆದ ಗೋಲು ನೂರ ನಲವತ್ಮೂರು. ಪ್ರತಿಯೊಂದನ್ನೂ ಯಾವ ಊರು, ಯಾವ ದಿನ, ಯಾರು ಚೆಂಡು ಕೊಟ್ಟರು ಎಂಬುದರೊಂದಿಗೆ ಮಾಸ್ತರರು ಒಂದು ವಹಿಯಲ್ಲಿ ಬರೆದಿಟ್ಟಿದ್ದರು.

ಹಾಗಿದ್ದೂ ಅವನ ಆಟ ಈ ಎರಡು ತಾಲ್ಲೂಕು ದಾಟಿರಲಿಲ್ಲ. ಒಮ್ಮೆ ರಾಯಚೂರಿನವರೆಗೆ ನಡೆದೇ ಹೋಗಿದ್ದ. ಕಾಗದ ಇಲ್ಲದವರನ್ನು ಆಡಿಸುವುದಿಲ್ಲ ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದರು. ಇನ್ನೊಮ್ಮೆ ಕಾಗದವೇನೋ ಇತ್ತು, ಆರಿಸುವ ಸಾಹೇಬರೇ ಬರಲಿಲ್ಲ. ಹದಿನಾಲ್ಕು ಮಂದಿ ಸಂಜೆವರೆಗೆ ಬಿಸಿಲಲ್ಲಿ ಕೂತು ಎದ್ದು ಬಂದಿದ್ದರು.

ಈಗ ಮೂರನೆಯ ಸಲ. ದೇವದುರ್ಗದ ಆಟಗಾರರಿಗೆ ಗೊತ್ತಿಲ್ಲದ, ಮಾಸ್ತರರಿಗೆ ಗೊತ್ತಿದ್ದ ಒಂದು ಸಂಗತಿ ಇತ್ತು. ಆ ನೂರ ನಲವತ್ಮೂರು ಗೋಲುಗಳಲ್ಲಿ ಹೆಚ್ಚಿನವು ಗೋಲುಗಳೇ ಅಲ್ಲ.

ಅದು ಹನ್ನೆರಡು ವರ್ಷದ ಹಿಂದಿನ ಮಾತು. ರಾಯಚೂರಿನಲ್ಲಿ ಓದುವಾಗ ಎರಡು ವರ್ಷ ಹಾಕಿ ಆಡಿದ್ದ ಮಾಸ್ತರರು ದೇವದುರ್ಗಕ್ಕೆ ಬಂದ ಮೇಲೆ ಹುಡುಗರಿಗೆ ಆ ಆಟ ಹಚ್ಚಿದರು. ಕಾಯಿದೆಯ ಹಾಳೆಯನ್ನೂ ತಂದಿದ್ದರು. ಅದರಲ್ಲಿ ಒಂದು ಕಾಯಿದೆ ಹೀಗಿತ್ತು: ತನ್ನ ಕಡೆಯವನು ಚೆಂಡು ಹೊಡೆಯುವ ಹೊತ್ತಿಗೆ ಆಟಗಾರ ಚೆಂಡಿಗಿಂತ ಮುಂದೆ, ಎದುರಾಳಿಯ ಅರ್ಧ ಮೈದಾನದಲ್ಲಿ ಇದ್ದರೆ, ಅವನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಕಡಿಮೆಯೆಂದರೆ ಮೂವರಿರಬೇಕು. ಇಲ್ಲದಿದ್ದರೆ ಆಫ್‌ಸೈಡ್. ಸೀಟಿ ಊದಬೇಕು, ಚೆಂಡು ಆ ಕಡೆಯವರಿಗೆ ಕೊಡಬೇಕು.

ಮಾನ್ವಿಯಲ್ಲಿ ನಡೆದ ಮೊದಲ ಪಂದ್ಯದಲ್ಲಿ ಅಂಪೈರಾಗಿದ್ದ ಮಾಸ್ತರರು ಹಾಗೆ ಮೂರು ಸಲ ಊದಿದರು. ಯಾಕೆ ಊದಿದರೆಂದು ನೋಡುವವರಿಗೂ ತಿಳಿಯಲಿಲ್ಲ, ಆಡುವವರಿಗೂ ತಿಳಿಯಲಿಲ್ಲ. ಮೂರನೆಯ ಸೀಟಿಗೆ ಮಾನ್ವಿಯವರು ಹೊಡೆದ ಗೋಲು ರದ್ದಾಯಿತು. ಹೊಲದ ಹೆಂಟೆಗಳು ಹಾರಿಬಂದವು, ಗಾಡಿಯ ಗೂಟಗಳು ಹೊರಬಂದವು, ಒಬ್ಬನ ತಲೆ ಒಡೆಯಿತು. ಮಾನ್ವಿಯ ಕಡೆಯ ಅಂಪೈರ್, ಪೊಲೀಸ್ ಜಮಾದಾರ ಅಮೀರ್ ಸಾಬ್ ಸಂಜೆ ಮಾಸ್ತರರನ್ನು ಪಕ್ಕಕ್ಕೆ ಕರೆದು, ಅದೊಂದು ಕಾಯಿದೆಯನ್ನು ಈ ವರ್ಷ ಬಿಟ್ಟುಬಿಡೋಣ, ಜನಕ್ಕೆ ಆಟ ರೂಢಿಯಾದ ಮೇಲೆ ಮುಂದಿನ ವರ್ಷ ತರೋಣ ಎಂದರು. ಮಾಸ್ತರರು ಒಪ್ಪಿದರು. ಮುಂದಿನ ವರ್ಷವೂ ಹಾಗೇ ಹೋಯಿತು. ಅದರ ಮುಂದಿನ ವರ್ಷ ಯಾರೂ ಆ ಮಾತೆತ್ತಲಿಲ್ಲ. ಎರಡು ತಾಲ್ಲೂಕಿನಲ್ಲಿ ಹಾಕಿ ಎಂದರೆ ಮೂವರ ಕಾಯಿದೆ ಇಲ್ಲದ ಹಾಕಿಯೇ ಆಯಿತು.

ಹುಸೇನಪೀರ ಬೆಳೆದದ್ದು ಅದರಲ್ಲಿ. ಪಂದ್ಯ ಶುರುವಾದ ಕೂಡಲೇ ಅವನು ನಡೆದುಕೊಂಡು ಹೋಗಿ ಎದುರಾಳಿಯ ಗೋಲಿನ ಕಂಬದ ಹತ್ತಿರ, ಮದುವೆ ಮನೆಯಲ್ಲಿ ಊಟಕ್ಕೆ ಕರೆಯಲೆಂದು ಕಾಯುವವನ ಹಾಗೆ ನಿಂತುಬಿಡುತ್ತಿದ್ದ. ಹಿಂದಿನವರು ಚೆಂಡನ್ನು ಅಲ್ಲಿಗೆ ಹೊಡೆಯಬೇಕು, ಇವನು ಮಣಿಕಟ್ಟು ತಿರುವಬೇಕು. ಹೋದ ವರ್ಷ ರಾಯಚೂರಿನ ತಂಡ ಮಾನ್ವಿಗೆ ಬಂದು ನಾಲ್ಕು ಗೋಲಿನಿಂದ ಸೋತಾಗ ಅವರ ಕಪ್ತಾನ ಕೈಯೆತ್ತಿ ಎತ್ತಿ ಕೂಗಾಡಿದ್ದ. ಇಲ್ಲಿ ಇಲ್ಲಿಯ ಪದ್ಧತಿ ಎಂದು ಮಾಸ್ತರರು ಹೇಳಿದ್ದರು. ಹೇಳುವಾಗ ಅವರ ಕಿವಿ ಬಿಸಿಯಾಗಿತ್ತು. ಸೋತವರ ಹೊಟ್ಟೆಯುರಿ ಅದು ಎಂದು ಹುಸೇನಪೀರ ನಕ್ಕಿದ್ದ. ಆ ನಾಲ್ಕು ಗೋಲಿನ ಸುದ್ದಿಯೇ ಈಗ ಕಾಗದವಾಗಿ ಬಂದಿತ್ತು.

ಶನಿವಾರ ಸಂಜೆ ಮಾಸ್ತರರು ಅವನ ಮನೆಗೆ ಹೋದರು. ಹುಸೇನಪೀರ ಬಿಲ್ಲು ಕೆಳಗಿಟ್ಟು, ಮೈಮೇಲಿನ ಹತ್ತಿ ಕೊಡವಿಕೊಂಡು ಎದ್ದು ನಿಂತ. ಕಾಗದದಲ್ಲಿ ಇದ್ದದ್ದನ್ನು ಕೇಳಿ ಹತ್ತಿರ ಬಂದ. ಅವನಿಗೆ ಓದು ಬರುತ್ತಿರಲಿಲ್ಲ.

"ನನ್ನ ಹೆಸರು ಎಲ್ಲಿ ಅದ ತೋರಸ್ರಿ ಮಾಸ್ತರ," ಎಂದ.

ಮಾಸ್ತರರು ತೋರಿಸಿದರು. ಅವನು ತೋರುಬೆರಳನ್ನು ಅಂಗಿಗೆ ಒರೆಸಿಕೊಂಡು ಅಕ್ಷರಗಳ ಮೇಲೆ ಇಟ್ಟ. "ಇಪ್ಪತ್ತೆಂಟು ಆತ್ರಿ ನನಗ. ಈ ಸಲ ಹೋದ್ರ ಹೋತು, ಇಲ್ಲಂದ್ರ ಮುಗೀತು."

ಆಗಲೇ ಹೇಳಬೇಕಿತ್ತು. ಬಾಗಿಲ ಹಿಂದೆ ಅವನ ಹೆಂಡತಿ ದಾವಲ್ ಬೀ ಕೂಸನ್ನು ಎತ್ತಿಕೊಂಡು ನಗುತ್ತ ನಿಂತಿದ್ದಳು. ಮಾಸ್ತರರು ನಾಳೆ ಎಂದುಕೊಂಡರು.

ಭಾನುವಾರ ಹೋದರೆ ಅವನ ಸುತ್ತ ಓಣಿಯ ಜನವೆಲ್ಲ ಕೂಡಿತ್ತು. ಸೋಮವಾರ ಶಾಲೆಯಲ್ಲಿ ಕೆಲಸ ಇತ್ತು. ಇರದಿದ್ದರೂ ಅವರು ಒಂದು ಕೆಲಸ ಹುಡುಕಿಕೊಳ್ಳುತ್ತಿದ್ದರು. ಮಂಗಳವಾರ ಧೈರ್ಯ ಮಾಡಿ, ಪೀರಾ, ಸ್ವಲ್ಪ ಹಿಂದೆ ನಿಂತು ಆಡಿ ನೋಡು ಎಂದರು.

"ಹಿಂದ ನಿಂತು ಏನು ಮಾಡ್ಲಿ, ಹತ್ತಿ ಹಿಂಜಲ್ರಿ?" ಎಂದು ಅವನು ನಕ್ಕ. ಸುತ್ತಲಿದ್ದವರೂ ನಕ್ಕರು. ಮಾಸ್ತರರು ತಾವೂ ನಕ್ಕು ಮನೆಗೆ ಬಂದರು.

ಮನೆಯಲ್ಲಿ ಜಯಾಬಾಯಿಯವರಿಗೆ ಮಾತ್ರ ಅವರು ಎಲ್ಲವನ್ನೂ ಹೇಳಿದ್ದರು. ಆಕೆಗೆ ಹಾಕಿ ತಿಳಿಯದು, ಗಂಡನ ಮನಸ್ಸು ತಿಳಿಯುತ್ತಿತ್ತು. ಎಲೆಯ ಮುಂದೆ ಕೂತು ಅನ್ನ ಕಲಸಿಯೂ ಉಣ್ಣದಿದ್ದ ಅವರನ್ನು ನೋಡಿ, "ಅವಂಗ ಹೇಳೀರೇನು?" ಎಂದು ಕೇಳಿದರು.

ಇನ್ನೂ ಇಲ್ಲ ಎಂದರು ಮಾಸ್ತರರು. ಮೂರು ದಿನದಲ್ಲಿ ಹೊಸದಾಗಿ ಏನು ಕಲಿತಾನು, ಇದ್ದ ಧೈರ್ಯವೂ ಹೋದೀತು, ಹೈದರಾಬಾದಿನವರು ಅವನ ಕೈ ನೋಡಿದರೆ ಸಾಕು, ಉಳಿದದ್ದನ್ನು ಅವರೇ ಕಲಿಸಿಕೊಂಡಾರು ಎಂದು ವಿವರಿಸಿದರು.

"ನೀವು ಹೇಳದಿದ್ರ ಅಲ್ಲಿ ಸೀಟಿ ಹೇಳ್ತದ," ಎಂದು ಜಯಾಬಾಯಿ ಒಳಗೆ ಹೋದರು.

ಗುರುವಾರ ಇಬ್ಬರೂ ಬಸ್ಸು ಹತ್ತಿದರು. ಯುದ್ಧದ ನಾಲ್ಕನೆಯ ವರ್ಷ, ಎಣ್ಣೆ ಇಲ್ಲದೆ ಬಸ್ಸುಗಳು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು. ಏರು ಬಂದಲ್ಲೆಲ್ಲ ಬಸ್ಸು ನಿಲ್ಲುತ್ತಿತ್ತು, ಗಂಡಸರೆಲ್ಲ ಇಳಿದು ತಳ್ಳುತ್ತಿದ್ದರು. ಹುಸೇನಪೀರ ಎಲ್ಲರಿಗಿಂತ ಮೊದಲು ಇಳಿಯುತ್ತಿದ್ದ. ಮತ್ತೆ ಹತ್ತಿ ಮಾಸ್ತರರ ಪಕ್ಕ ಕೂತು ಮಾತು ಮುಂದುವರಿಸುತ್ತಿದ್ದ. ತಂಡಕ್ಕೆ ಸೇರಿದರೆ ರೈಲಿನಲ್ಲಿ ಕಲ್ಕತ್ತೆಯವರೆಗೆ ಕರೆದೊಯ್ಯುತ್ತಾರಂತೆ, ಕಾಲಿಗೆ ಬೂಟು ಕೊಡುತ್ತಾರಂತೆ, ಬೂಟು ಹಾಕಿಕೊಂಡು ಓಡುವುದು ಹೇಗೋ ಏನೋ. ವಹಿಯನ್ನು ತಂದಿದ್ದೀರಲ್ಲ, ಸಾಹೇಬರಿಗೆ ತೋರಿಸಿ ಎಂದು ಎರಡು ಸಲ ನೆನಪು ಮಾಡಿದ. ಮಾಸ್ತರರು ಪ್ರತಿ ಏರಿನಲ್ಲೂ ಮುಂದಿನ ಏರಿಗೆ ಹೇಳುತ್ತೇನೆ ಎಂದುಕೊಂಡರು. ರಾಯಚೂರು ಬಂದುಬಿಟ್ಟಿತು.

ಶುಕ್ರವಾರ ನಮಾಜಿನ ನಂತರ ಕೋಟೆಯ ಆಚೆಯ ಮೈದಾನದಲ್ಲಿ ಆಟ. ಕಪ್ತಾನ ಸಾಹೇಬರು ಎತ್ತರದ ಮನುಷ್ಯ, ಮೀಸೆ ಬೆಳ್ಳಗಾಗಿತ್ತು. ಹುಸೇನಪೀರನ ಒತ್ತಾಯಕ್ಕೆ ಮಾಸ್ತರರು ವಹಿಯನ್ನು ಅವರ ಮುಂದೆ ಹಿಡಿಯಲೇಬೇಕಾಯಿತು. ನೂರ ನಲವತ್ಮೂರು ಎಂಬ ಅಂಕಿ ನೋಡಿ ಸಾಹೇಬರ ಹುಬ್ಬು ಮೇಲೇರಿತು. ಈತನನ್ನು ನಡುವಿನ ಫಾರ್ವರ್ಡ್ ಆಗಿ ಆಡಿಸಿ ಎಂದು ಅಪ್ಪಣೆ ಕೊಟ್ಟು, ವಹಿಯನ್ನು ತಮ್ಮ ಕುರ್ಚಿಯ ಕೈಮೇಲೆಯೇ ಇಟ್ಟುಕೊಂಡರು.

ಆಟ ಶುರುವಾಯಿತು. ಹುಸೇನಪೀರ ನಡೆದುಕೊಂಡು ಹೋಗಿ ಕಂಬದ ಹತ್ತಿರ ನಿಂತ. ಗೋಲಿನ ಮುಂದೆ ಕಾಯುವ ಎದುರಾಳಿಯ ಬ್ಯಾಕುಗಳಿಬ್ಬರು ಅವನನ್ನು ನೋಡಿ, ಒಬ್ಬರನ್ನೊಬ್ಬರು ನೋಡಿ, ಅವನನ್ನು ಅಲ್ಲೇ ಬಿಟ್ಟು ಮುಂದಕ್ಕೆ ಹೋದರು. ಐದನೆಯ ನಿಮಿಷಕ್ಕೆ ಬಲಗಡೆಯಿಂದ ಚೆಂಡು ಬಂತು. ಮಣಿಕಟ್ಟು ತಿರುಗಿತು. ಚೆಂಡು ಹಿಂದಿನ ಹಲಗೆಗೆ ಬಡಿದ ಸದ್ದು ಮಾಸ್ತರರು ಕೂತ ಬೇವಿನ ಮರದವರೆಗೂ ಕೇಳಿತು. ಅದರ ಹಿಂದೆಯೇ ಸೀಟಿ.

ಹುಸೇನಪೀರ ಕೋಲೆತ್ತಿ ತಿರುಗಿದ. ಅವನ ತಂಡದವರು ಯಾರೂ ಓಡಿಬರಲಿಲ್ಲ. ಅಂಪೈರ್ ಚೆಂಡನ್ನು ಎದುರಿನವರಿಗೆ ಕೊಟ್ಟಿದ್ದ. ಅವನು ಮತ್ತೆ ಹೋಗಿ ಕಂಬದ ಹತ್ತಿರವೇ ನಿಂತ. ಎರಡನೆಯ ಗೋಲು, ಎರಡನೆಯ ಸೀಟಿ. ಮೂರನೆಯದಕ್ಕೆ ನೋಡುವವರಲ್ಲಿ ಯಾರೋ ನಕ್ಕರು. ಅವನು ಅಂಪೈರನ ಹತ್ತಿರ ಹೋಗಿ ತನ್ನ ಕೋಲು ತೋರಿಸಿದ, ಕೋಲಿನಲ್ಲೇನಾದರೂ ತಪ್ಪಿದೆಯೇ ಎಂಬಂತೆ. ಐದು ಗೋಲು ಹೊಡೆದ. ಐದು ಸೀಟಿ. ಐದನೆಯದರ ಹೊತ್ತಿಗೆ ಇಡೀ ಮೈದಾನ ನಗುತ್ತಿತ್ತು. ಮಾಸ್ತರರು ಕಣ್ಣು ಮುಚ್ಚಿಕೊಂಡಿದ್ದರು. ಸೀಟಿಗೆ ಕಣ್ಣು ಬೇಕಿರಲಿಲ್ಲ.

ಹಾಫ್ ಟೈಮಿನಲ್ಲಿ ಅವನ ಪಕ್ಕ ಆಡುತ್ತಿದ್ದ ರಾಯಚೂರಿನ ಜಿಲಾನಿ ಪಾಷಾ ಎಂಬವನು ಅವನನ್ನು ನೆಲದ ಮೇಲೆ ಕೂಡಿಸಿಕೊಂಡ. ಒಂದು ಗೆರೆ ಎಳೆದು ಅದರ ಮುಂದೆ ಮೂರು ಹರಳು ಇಟ್ಟ. ಅವನ ಮಾತು ಮಾಸ್ತರರಿಗೆ ಅಷ್ಟು ದೂರದಿಂದಲೂ ಕೇಳಿತು.

"ನೋಡು ಭಾಯ್. ಇದು ಗೋಲು. ಚೆಂಡು ಹೊಡಿಯೋ ಟೈಮಿಗೆ ನಿನ್ನ ಮುಂದ ಅವರ ಮಂದಿ ಮೂರು ಇರಬೇಕು, ಗೋಲು ಕಾಯಾವ ಸೇರಿ. ಇಷ್ಟಾ. ಇದು ಸಣ್ಣ ಹುಡುಗರಿಗೂ ಗೊತ್ತದ. ನಿಮ್ಮ ಕಡಿ ಯಾರೂ ಹೇಳಿಲ್ಲೇನು?"

ಹುಸೇನಪೀರ ಹರಳುಗಳನ್ನು ನೋಡಿದ. ಆಮೇಲೆ ತಲೆಯೆತ್ತಿ ಬೇವಿನ ಮರದ ಕಡೆ ನೋಡಿದ. ಮಾಸ್ತರರು ತಮ್ಮ ಚಪ್ಪಲಿ ನೋಡಿಕೊಂಡರು.

ಎರಡನೆಯ ಅರ್ಧದಲ್ಲಿ ಅವನು ಹಿಂದೆ ನಿಂತ. ನಡುಗೆರೆಯ ಹತ್ತಿರ ನಿಂತವನಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಚೆಂಡು ಕಾಲ ಬಳಿ ಬಂದರೆ ಅದನ್ನು ತಳ್ಳಿಕೊಂಡು ಓಡಬೇಕು; ಒಂಬತ್ತು ವರ್ಷದಲ್ಲಿ ಅವನು ಚೆಂಡಿನ ಜೊತೆ ಇಪ್ಪತ್ತು ಹೆಜ್ಜೆ ಓಡಿದವನಲ್ಲ. ಒಬ್ಬ ಬ್ಯಾಕು ಬಂದು ಸುಲಭವಾಗಿ ಕಸಿದುಕೊಂಡು ಹೋದ. ಇನ್ನೊಬ್ಬನೂ ಹಾಗೇ ಮಾಡಿದ. ಎರಡು ಸಲ ಮೈಮರೆತು ಕಾಲು ತಾನಾಗಿ ಕಂಬದ ಕಡೆ ಹೋಯಿತು, ಮತ್ತೆರಡು ಸೀಟಿ ಬಿದ್ದವು.

ಆಟ ಮುಗಿದ ಮೇಲೆ ಕಪ್ತಾನ ಸಾಹೇಬರು ಮಾಸ್ತರರನ್ನು ಕರೆಸಿ ವಹಿಯನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟರು. ಸಿಟ್ಟು ಮಾಡಲಿಲ್ಲ. ಇಂಥ ಮಣಿಕಟ್ಟನ್ನು ತಾವು ಬಹಳ ನೋಡಿಲ್ಲ, ಹದಿನೆಂಟನೆಯ ವಯಸ್ಸಿನಲ್ಲಿ ಆಟ ಗೊತ್ತಿದ್ದವರ ಕೈಗೆ ಸಿಕ್ಕಿದ್ದರೆ ಏನಾಗುತ್ತಿದ್ದನೋ ಎಂದು ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು. ಹುಸೇನಪೀರ ಹಿಂದೆಯೇ ನಿಂತಿದ್ದ. ಅಷ್ಟು ಉರ್ದು ಅವನಿಗೆ ತಿಳಿಯುತ್ತಿತ್ತು.

ಬಸ್ಸು ನಿಲ್ಲುವ ಜಾಗದವರೆಗೆ ಇಬ್ಬರೂ ನಡೆದರು. ಅಲ್ಲಿ ಕಲ್ಲಿನ ಮೇಲೆ ಕೂತ ಮೇಲೆ ಹುಸೇನಪೀರ ಕೇಳಿದ.

"ನಿಮಗ ಗೊತ್ತಿತ್ತೇನ್ರಿ ಮಾಸ್ತರ?"

ಇಲ್ಲ ಎಂದಿದ್ದರೆ ಅವನು ನಂಬುತ್ತಿದ್ದ. ಅದು ಮಾಸ್ತರರಿಗೆ ಚೆನ್ನಾಗಿ ಗೊತ್ತಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಗೊತ್ತಿತ್ತು ಪೀರಾ."

"ಮೊದಲಿಂದ?"

"ಮೊದಲಿಂದ."

ಅವನು ಬಯ್ಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಮಾಸ್ತರರಿಗೆ ಉಸಿರಾಡಲು ಬರುತ್ತಿತ್ತು. ಮಾಸ್ತರರ ಕೈಯಲ್ಲಿದ್ದ ವಹಿ ನೋಡಿ, "ನೂರಾ ನಲವತ್ತಮೂರರಾಗ ಎಷ್ಟು ಉಳೀತಾವ್ರಿ?" ಎಂದ.

ಮಾಸ್ತರರು ಬಸ್ಸಿನಲ್ಲಿ ದಾರಿಯುದ್ದಕ್ಕೂ ವಹಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದನ್ನೇ ನೆನಪಿಗೆ ತಂದುಕೊಂಡರು. ಕಲ್ಲೂರಿನ ಪಂದ್ಯದಲ್ಲಿ ಬ್ಯಾಕುಗಳು ಎಲ್ಲಿದ್ದರು, ಕುರ್ಡಿಯಲ್ಲಿ ಚೆಂಡು ಯಾವ ಕಡೆಯಿಂದ ಬಂತು. ಹೆಚ್ಚಿನ ಅಂಕಿ ಹೇಳುವ ಆಸೆ ಇತ್ತು. ಹೇಳಲಾಗಲಿಲ್ಲ. ದೇವದುರ್ಗದ ದೀಪಗಳು ಕಾಣುವ ಹೊತ್ತಿಗೆ, ಒಂಬತ್ತು ಎಂದರು. ಹತ್ತನೆಯದು ಅನುಮಾನ ಎಂದರು. ಹುಸೇನಪೀರ ತಲೆಯಾಡಿಸಿದ.

ಅವನು ಇನ್ನು ತಮ್ಮ ಮುಖ ನೋಡುವುದಿಲ್ಲ ಎಂದುಕೊಂಡಿದ್ದರು ಮಾಸ್ತರರು. ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ, ಸಂಧ್ಯಾವಂದನೆ ಮುಗಿಸಿ ಹೊರಬಂದರೆ ಅಂಗಳದಾಚೆ ಹುಸೇನಪೀರ ಕೋಲು ಹಿಡಿದು ನಿಂತಿದ್ದ. ಕಲಿಸಿ ಎಂದ.

ಒಂದು ವರ್ಷ, ಮಳೆ ಬಿದ್ದ ದಿನಗಳನ್ನು ಬಿಟ್ಟರೆ ದಿನವೂ ಬೆಳಿಗ್ಗೆ, ಅವರು ಶಾಲೆಯ ಹಿಂದಿನ ಬಯಲಿಗೆ ಹೋದರು. ಮಾಸ್ತರರು ಎದುರಾಳಿಗಳ ಜಾಗಕ್ಕೆ ಮೂರು ಒಡಕು ಕೊಡ ಇಟ್ಟು, ಅವುಗಳನ್ನು ಹಿಂದೆ ಮುಂದೆ ಸರಿಸಿ, ತಾವೇ ಚೆಂಡು ತಳ್ಳಿ, ತಾವೇ ಸೀಟಿ ಊದಿದರು. ಮೊದಮೊದಲು ಹತ್ತರಲ್ಲಿ ಎಂಟು ಸಲ ಊದಬೇಕಾಗುತ್ತಿತ್ತು. ಬೇಸಿಗೆಯ ಹೊತ್ತಿಗೆ ಒಂದೋ ಎರಡೋ. ದಸರೆಯ ಹೊತ್ತಿಗೆ ಸೀಟಿ ಬಾಯಿಗಿಟ್ಟುಕೊಂಡು ಸುಮ್ಮನೆ ನಿಲ್ಲುವುದೇ ಅವರ ಕೆಲಸವಾಯಿತು. ಆದರೆ ಇನ್ನೊಂದನ್ನು ಅವರು ನೋಡುತ್ತಿದ್ದರು, ಅವನಿಗೆ ಹೇಳದೆ ನೋಡುತ್ತಿದ್ದರು. ಚೆಂಡು ಬಂದಾಗ ಹುಸೇನಪೀರ ಈಗ ಮೊದಲು ತಲೆಯೆತ್ತಿ ಎಣಿಸುತ್ತಿದ್ದ: ಒಂದು, ಎರಡು, ಮೂರು. ಎಣಿಸಿ ಮುಗಿಸುವುದರೊಳಗೆ ಚೆಂಡು ಅವನ ಕೋಲನ್ನು ಅರ್ಧ ಗೇಣು ದಾಟಿರುತ್ತಿತ್ತು. ಆ ಮಣಿಕಟ್ಟು ಹಿಂದೆಂದೂ ಯಾರಿಗೂ ಕಾದದ್ದಲ್ಲ. ಈಗ ಕಣ್ಣಿಗೆ ಕಾಯುತ್ತಿತ್ತು.

ಆ ವರ್ಷದ ಪಂದ್ಯಗಳಲ್ಲಿ ಕಾಯಿದೆ ತರೋಣ ಎಂದು ಮಾಸ್ತರರು ಮಾನ್ವಿಯಲ್ಲಿ ಎದ್ದು ನಿಂತು ಹೇಳಿದರು. ಯಾರೂ ಕೇಳಲಿಲ್ಲ. ಎಲ್ಲರೂ ಹಳೆಯ ಹಾಗೆಯೇ ಆಡಿದರು. ಹುಸೇನಪೀರನೊಬ್ಬನೇ, ಯಾರೂ ಊದದ ಸೀಟಿಗೆ ಅಂಜಿ, ಹಿಂದೆ ನಿಂತು ಆಡಿದ. ಇಡೀ ವರ್ಷಕ್ಕೆ ಎರಡು ಗೋಲು ಬಂದವು. ಕಲ್ಲೂರಿನಲ್ಲಿ ಅವನ ಆಟಕ್ಕಾಗಿಯೇ ಗಾಡಿ ಹೊಡೆದುಕೊಂಡು ಬಂದಿದ್ದ ಮಾರೆಪ್ಪ ಎಂಬ ರೈತ ಗೆರೆಯ ಹತ್ತಿರ ಬಂದು ನಿಂತ.

"ಏ ಪೀರಾ, ಗೋಲು ಎಲ್ಲಿಟ್ಟಿಯೋ? ಗಾದ್ಯಾಗ ತುಂಬಿ ಹೊಲಿದು ಕೊಟ್ಟಿಯೇನು ಯಾರಿಗಾರ?"

ಜನ ನಕ್ಕಿತು. ಹುಸೇನಪೀರ ಅತ್ತ ತಿರುಗಲಿಲ್ಲ. ಅವನ ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದ.

ಮರುವರ್ಷ ರಾಯಚೂರಿನಿಂದ ಕಾಗದ ಬರಲಿಲ್ಲ. ಆರಿಸುವ ದಿನವನ್ನು ಮಾತ್ರ ಯಾರೋ ಬಂದು ಹೇಳಿದರು. ಇಬ್ಬರೂ ಹೊರಟರು.

ಮೈದಾನದ ಬಾಗಿಲಲ್ಲಿ ಪಟ್ಟಿ ಹಿಡಿದು ಕೂತಿದ್ದವರು ಮಹಮ್ಮದ್ ಹುಸೇನ್ ಎಂಬ ಬಟ್ಟೆ ವ್ಯಾಪಾರಿ, ಆ ಊರಿನ ಹಾಕಿಯನ್ನೆಲ್ಲ ನೋಡಿಕೊಳ್ಳುವವರು. ಒಳ್ಳೆಯ ಮನುಷ್ಯ. ಎದ್ದು ಮಾಸ್ತರರಿಗೆ ಕುರ್ಚಿ ಕೊಟ್ಟರು. ಆಮೇಲೆ ನಿಧಾನವಾಗಿ ವಿಷಯ ಹೇಳಿದರು. ಇಪ್ಪತ್ತೆರಡು ಹೆಸರು ತುಂಬಿವೆ. ಕಪ್ತಾನ ಸಾಹೇಬರು ಪಟ್ಟಿ ಮಾಡುವಾಗ ತಾವಾಗಿಯೇ ನೆನಪು ಮಾಡಿಕೊಂಡು, ಆ ಆಫ್‌ಸೈಡಿನ ಪಿಂಜಾರನನ್ನು ಒಮ್ಮೆ ನೋಡಿಯಾಗಿದೆ, ಮತ್ತೆ ಬೇಡ ಎಂದು ಬರೆದಿದ್ದಾರೆ. ಊರಿನ ಹುಡುಗರೂ ಯಾರಾದರೂ ಮುಂದೆ ಹೋಗಿ ನಿಂತರೆ, ಏ ದೇವದುರ್ಗ, ಹಿಂದೆ ಬಾ ಎಂದು ಕೂಗುತ್ತಾರೆ.

ಮಾಸ್ತರರು ಕುರ್ಚಿಯಿಂದ ಎದ್ದರು. ಅಲ್ಲಿ ಹತ್ತು ಹದಿನೈದು ಮಂದಿ ನಿಂತಿದ್ದರು.

"ತಪ್ಪು ನಂದ್ರಿ. ಕಾಯಿದೆ ಬಿಟ್ಟಾವ ನಾನು, ಅವಂಗ ಹೇಳದೆ ಇದ್ದಾವನೂ ನಾನು. ಈಗ ಅವಂಗ ಎಲ್ಲಾ ಬರ್ತದ. ಹತ್ತು ನಿಮಿಷ ಆಡಸ್ರಿ, ಸೀಟಿ ಬಿದ್ರ ನನ್ನ ಹೊರಗ ಹಾಕ್ರಿ."

ಮಹಮ್ಮದ್ ಹುಸೇನರು ಪಟ್ಟಿಯನ್ನು ಮಡಚಿದರು, ಬಿಚ್ಚಿದರು. "ಮಾಸ್ತರ ಸಾಬ್, ತಪ್ಪು ಯಾರದರ ಆಗ್ಲಿ. ಆಡಾವ ಅವನ ಅಲ್ಲೇನ್ರಿ? ಇಪ್ಪತ್ತೊಂಬತ್ತು ಆಗ್ಯಾವ. ಯಾರ ಹೆಸರು ಹೊಡದು ಅವನ ಹೆಸರು ಬರೀಲಿ, ನೀವ ಹೇಳ್ರಿ."

ಮಾಸ್ತರರು ಆ ಇಪ್ಪತ್ತೆರಡು ಹೆಸರನ್ನು ಮೇಲಿನಿಂದ ಕೆಳಗೆ ಓದಿ, ಪಟ್ಟಿಯನ್ನು ವಾಪಸು ಕೊಟ್ಟರು.

ತಿರುಗಿ ನೋಡಿದರೆ ಹುಸೇನಪೀರ ಅಲ್ಲಿ ಇರಲಿಲ್ಲ. ಹುಡುಕಿಕೊಂಡು ಹೋದಾಗ ಮೈದಾನದ ಪಕ್ಕದ ದಿಬ್ಬದ ಮೇಲೆ, ನೋಡುವವರ ನಡುವೆ ಕೂತಿದ್ದ. ಕೋಲು ಅಡ್ಡಲಾಗಿ ತೊಡೆಯ ಮೇಲಿತ್ತು. ಆಟ ಶುರುವಾಗಿತ್ತು. ಮಾಸ್ತರರು ಹೋಗಿ ಅವನಿಂದ ಸ್ವಲ್ಪ ಹಿಂದೆ ಕೂತರು.

ರಾಯಚೂರಿನವರ ನಡುವಿನ ಫಾರ್ವರ್ಡ್ ಚೆಂಡಿಗಾಗಿ ಮುಂದೆ ನುಗ್ಗಿದ. "ಆತು," ಎಂದ ಹುಸೇನಪೀರ, ಯಾರಿಗೂ ಅಲ್ಲ. ಒಂದು ಉಸಿರಿನಷ್ಟು ಹೊತ್ತು ಕಳೆದು ಆಫ್‌ಸೈಡಿನ ಸೀಟಿ ಬಿತ್ತು.

ಇನ್ನೊಮ್ಮೆ ಜಿಲಾನಿ ಪಾಷಾ ಎಡಗಡೆಯಿಂದ ಓಡಿದಾಗ, ಆಫ್‌ಸೈಡ್ ಎಂದು ಸುತ್ತಲಿನವರೆಲ್ಲ ಕೂಗಿದರು. ಹುಸೇನಪೀರ ತಲೆಯಾಡಿಸಿ, ಇಲ್ಲ ಎಂದ. ಸೀಟಿ ಬೀಳಲಿಲ್ಲ. ಗೋಲಾಯಿತು. ಆಮೇಲೆ ಮತ್ತೆ, ಆತು. ಸೀಟಿ. ಪ್ರತಿ ಸಲವೂ ಅಂಪೈರನಿಗಿಂತ ಮೊದಲು, ಕೂತಲ್ಲಿಂದಲೇ, ಮೆಲ್ಲಗೆ. ಒಂದು ಸಲವಾದರೂ ತಪ್ಪಲಿ ಎಂದು ಮಾಸ್ತರರು ಬೇಡಿಕೊಳ್ಳತೊಡಗಿದರು, ಯಾಕೆ ಹಾಗೆ ಬೇಡಿಕೊಳ್ಳುತ್ತಿದ್ದೇನೆಂದು ಅವರಿಗೇ ತಿಳಿಯಲಿಲ್ಲ. ಅವನು ಒಂದು ಸಲವೂ ತಪ್ಪಲಿಲ್ಲ.

ಬಿಸಿಲು ಇಳಿಯಿತು. ಬಸ್ಸಿಗೆ ಹೊತ್ತಾಯಿತು, ಹೋಗೋಣ ಎಂದು ಮಾಸ್ತರರು ಹಿಂದಿನಿಂದ ಹೇಳಿದರು.

"ಮುಗೀಲ್ರಿ," ಎಂದ ಹುಸೇನಪೀರ, ಮೈದಾನದಿಂದ ಕಣ್ಣು ತೆಗೆಯದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಆತು," ಎಂದ.

ಸೀಟಿ ಬಿತ್ತು.